ಏಡಿ, ಚಗಳಿ, ಕಪ್ಪೆ: ಗದ್ದೆ ತೋಟಗಳ ಅಪರೂಪದ ಆಹಾರ

(ಕೊಕ್ಕಡದಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಳೆಗಾಲ ಹತ್ತಿರ ಬರುತ್ತಿರುವ ಈ ದಿನಗಳಲ್ಲಿ ನಾನು ಬೋರ್ಡೋ ದ್ರಾವಣದ ಬಗ್ಗೆಯೋ ಅಡಿಕೆಯ ಕೊಳೆರೋಗದ ಬಗ್ಗೆಯೋ ಮಾತನಾಡುತ್ತೇನೆಂದು ತಾವು ತಿಳಿದಿರಬಹುದು. ಆ ವಿಷಯವೂ ನಡುವೆ ಬರುತ್ತದೆ. ಆದರೆ ಇಂದು ಮುಖ್ಯವಾಗಿ ಹೇಳಬೇಕಾದುದು ಊಟದ ವಿಷಯ. ಅದರಲ್ಲಿಯೂ ಪೇಟೆಯವರು ಕೇಳಿದರೆ ಮೂಗು ಮುರಿಯುವಂಥ, ನಮ್ಮ ಗದ್ದೆ, ತೋಡು, ಮರಗಳಲ್ಲಿ ಪುಕ್ಕಟೆಯಾಗಿ ಸಿಗುವ ಆಹಾರದ ವಿಷಯ.

ಯಾವುದು ವಿಚಿತ್ರ, ಯಾವುದು ಅಲ್ಲ ಎಂಬುದಕ್ಕೆ ಅಳತೆಗೋಲಿಲ್ಲ. ಬಾಯಿ ತುರಿಸುವ ಕೆಸುವಿನ ಎಲೆಗೆ ಹುಣಸೆಹುಳಿ ಸೇರಿಸಿ ನಾವು ಪತ್ರೊಡೆ ಮಾಡುತ್ತೇವೆ. ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಆದರೂ ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಬೇಯಿಸಿ ಉಣ್ಣುತ್ತೇವೆ. ಇದನ್ನು ನಮ್ಮ ತಾಯಂದಿರಿಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಲಿಲ್ಲ. ಇನ್ನೊಂದು ಕಡೆ, ಇಲ್ಲೇ ಸಮೀಪದ ಶಿಶಿಲದಲ್ಲಿ ದೇವರ ಮೀನುಗಳು ಹಿಂಡು ಹಿಂಡಾಗಿ ಕಾಲ ಬಳಿಗೇ ಬಂದರೂ, ದಿನವೂ ಮೀನು ತಿನ್ನುವವರು ಕೂಡ ಅವನ್ನು ಮುಟ್ಟುವುದಿಲ್ಲ. ಊಟವೆಂಬುದು ಹೊಟ್ಟೆಯ ವಿಷಯ ಎಷ್ಟೋ, ರೂಢಿಯ ವಿಷಯವೂ ಅಷ್ಟೇ.

ಕಾಡುಪ್ರಾಣಿಗಳ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಉಡ, ಚಿಪ್ಪುಹಂದಿ, ಬರಿಂಕ ಮೊದಲಾದವುಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಅವುಗಳ ಮಾಂಸ ಔಷಧವೆಂಬ ಮಾತಿಗೆ ಆಧಾರವಿಲ್ಲ. ಇನ್ನು, ಕಾಡಿನಲ್ಲಿ ಸತ್ತು ಬಿದ್ದ ಯಾವ ಪ್ರಾಣಿಯನ್ನೂ ಮುಟ್ಟಬಾರದು, ವಿಶೇಷವಾಗಿ ಮಂಗನನ್ನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 1982–83ರಲ್ಲಿ ನಿಡ್ಲೆ, ಪಟ್ರಮೆ ಕಡೆಗಳಲ್ಲಿ ಕಾಣಿಸಿಕೊಂಡು ನೂರಕ್ಕೂ ಮೇಲ್ಪಟ್ಟು ಜನರನ್ನು ಬಲಿ ತೆಗೆದುಕೊಂಡಿತೆಂಬುದು ಇಲ್ಲಿನ ಹಿರಿಯರಿಗೆ ನೆನಪಿದೆ. ಅದು ಮಾಂಸದಿಂದಲ್ಲ, ಉಣುಗುಗಳಿಂದ ಹರಡುವ ರೋಗ. ಸತ್ತ ಮಂಗನ ಮೈಬಿಟ್ಟ ಉಣುಗು ಸುತ್ತಲ ನೆಲದಲ್ಲೇ ಕಾದಿರುತ್ತದೆ. ಗೇರು ನೆಡುವುದಕ್ಕಾಗಿ ಕಾಡು ಕಡಿದ ಬಳಿಕ ಆ ರೋಗ ಇಲ್ಲಿ ತಲೆಯೆತ್ತಿತು ಎಂಬುದನ್ನು ನೆನಪಿನಲ್ಲಿಡಿ. ಗೇರಿನ ಮಾತು ಮತ್ತೆ ಬರಲಿದೆ.

ಈಗ ಏಡಿಗೆ ಬರೋಣ. ಮೊದಲ ಮಳೆಗೆ ಗದ್ದೆಯ ಹುಣಿಯ ಬಿಲಗಳಿಂದ ಹೊರಬರುವ ಏಡಿಯನ್ನು, ತುಳುವಿನಲ್ಲಿ ನಾವು ಡೆಂಜಿ ಎನ್ನುವುದನ್ನು, ರಾತ್ರಿ ತೂಟೆ ಹಿಡಿದು ಹಿಡಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಒಳ್ಳೆಯ ಸಸಾರಜನಕ, ಸುಣ್ಣದ ಅಂಶ ಇರುವ ಆಹಾರವದು. ಬಡವರ ಮನೆಗೆ ಮಳೆಗಾಲದಲ್ಲಿ ಇದಕ್ಕಿಂತ ಅಗ್ಗದ ಮಾಂಸವಿಲ್ಲ.

ಈ ಏಡಿಯ ಮೇಲೆ ಒಮ್ಮೆ ದೊಡ್ಡ ಆರೋಪ ಬಂದಿತ್ತು. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೂಲಿ ಮಾಡುವ ದಲಿತ ಕುಟುಂಬಗಳವರಿಗೆ ಸೊಂಟ, ಮೊಣಕಾಲುಗಳ ಕೀಲು ಹಿಡಿದು, ನಡೆಯಲಾಗದ ಸ್ಥಿತಿ ಬಂದುದು ಬೆಳಕಿಗೆ ಬಂತು. ಭತ್ತದ ಗದ್ದೆಗಳಿಗೆ ಆಗ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಘೋರ ವಿಷಗಳನ್ನು ಹಾಕುತ್ತಿದ್ದ ಕಾಲ. ಗದ್ದೆಯ ಏಡಿ ತಿಂದುದರಿಂದಲೇ ಈ ರೋಗ ಬಂತೆಂಬ ಮಾತು ನಾಡಿನಾದ್ಯಂತ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿದಾಗ ರೋಗವು ಕುಟುಂಬಗಳಲ್ಲಿ ಇಳಿದು ಬರುವಂಥದ್ದೆಂದು ಕಂಡುಬಂತು. ಮುಂದಿನ ಸಂಶೋಧನೆಗಳು ಇದು ಆನುವಂಶಿಕವೆಂದೇ ಸ್ಥಿರಪಡಿಸಿದವು. ಹೀಗಿದ್ದೂ ಏಡಿಯ ಕಥೆ ಬಹುಕಾಲ ಉಳಿಯಿತು. ಬಡವರು ತಿನ್ನುವ ವಸ್ತುವಿನ ಮೇಲೆ ಅನುಮಾನ ಬೇಗ ಹುಟ್ಟುತ್ತದೆ, ನಿಧಾನವಾಗಿ ಹೋಗುತ್ತದೆ ಎಂದು ನನ್ನ ಅಭಿಪ್ರಾಯ.

ಆದರೆ ಹಂದಿಗೋಡಿನ ಏಡಿ ನಿರಪರಾಧಿಯಾಯಿತು ಎಂದ ಮಾತ್ರಕ್ಕೆ ವಿಷ ಹಾಕಿದ ಗದ್ದೆಯ ಏಡಿ ನಿರಪಾಯವೆಂದು ಅರ್ಥವಲ್ಲ. ಏಡಿ ಕೆಸರಿನಲ್ಲಿ ವಾಸಿಸಿ, ಸತ್ತು ಕೊಳೆತುದನ್ನೆಲ್ಲ ತಿನ್ನುವ ಜೀವಿ. ಕೆಸರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆಯೊಳಗಿನ ಹಳದಿ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಚಿಪ್ಪು ತೆಗೆದ ಮೇಲೆ ಕಿವಿರುಗಳನ್ನೂ ಆ ಹಳದಿ ಭಾಗವನ್ನೂ ತೆಗೆದುಹಾಕುವುದು ಲೇಸು. ರುಚಿಯೆಲ್ಲ ಅಲ್ಲೇ ಇರುವುದು ಎಂದು ಕೆಲವರು ಜಗಳಕ್ಕೆ ಬಂದಾರು, ಬರಲಿ! ಸಿಂಪರಣೆಯಾದ ಗದ್ದೆಯಿಂದ ಆ ಬೆಳೆ ಮುಗಿಯುವತನಕ ಏಡಿ ಹಿಡಿಯಬೇಡಿ. ಹಾಡಹಗಲಿನಲ್ಲಿ ಮಂಕಾಗಿ ಮೇಲೆ ಬಂದು, ಕಚ್ಚದೆ, ಸುಲಭವಾಗಿ ಕೈಗೆ ಸಿಗುವ ಏಡಿ, ತೋಡಿನಲ್ಲಿ ತೇಲುವ ಮೀನು, ಇವು ಅದೃಷ್ಟವಲ್ಲ, ಎಚ್ಚರಿಕೆ. ಹೊಟ್ಟೆಯ ಮಡಿಕೆಯಲ್ಲಿ ಮೊಟ್ಟೆ, ಮರಿಗಳಿರುವ ಹೆಣ್ಣು ಏಡಿಯನ್ನು ಬಿಟ್ಟುಬಿಡಿ.

ಅಡುಗೆಯ ಬಗ್ಗೆಯೂ ಒಂದು ಮಾತು. ಕೆಂಡದಲ್ಲಿ ಅರೆಬರೆ ಸುಟ್ಟ ಏಡಿ ತಿನ್ನಬಾರದು. ಸಿಹಿನೀರಿನ ಏಡಿಗಳಲ್ಲಿ ಶ್ವಾಸಕೋಶದ ಹುಳುವಿನ ಮರಿಗಳು ಇರಬಹುದು. ಅವು ದೇಹದೊಳಗೆ ಸೇರಿದರೆ ಕೆಮ್ಮು, ಕಫದಲ್ಲಿ ರಕ್ತ ಬರುತ್ತದೆ. ಮಣಿಪುರದಲ್ಲಿ ಇಂಥ ರೋಗಿಗಳನ್ನು ಕ್ಷಯರೋಗಿಗಳೆಂದು ತಪ್ಪಾಗಿ ತಿಳಿದ ಪ್ರಸಂಗಗಳಿವೆ. ಚೆನ್ನಾಗಿ ಕುದಿಸಿದ ಸಾರಿನಲ್ಲಿ ಈ ಭಯವಿಲ್ಲ. ಹಸಿ ಏಡಿ ಜಜ್ಜಿದ ಕಲ್ಲು, ಕತ್ತಿಗಳನ್ನು ತೊಳೆಯದೆ ಬೇರೆ ಕೆಲಸಕ್ಕೆ ಬಳಸಬೇಡಿ.

ವಿಷದ ಮಾತು ಬಂದಮೇಲೆ ಕೊಕ್ಕಡದಲ್ಲಿ ನಿಂತು ಎಂಡೋಸಲ್ಫಾನ್ ಹೆಸರು ಹೇಳದೆ ಮುಂದೆ ಹೋಗಲಾಗದು. 1980ರ ದಶಕದಿಂದ ವರ್ಷಗಟ್ಟಲೆ ಇಲ್ಲಿನ ಸರಕಾರಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಬಾವಿ, ತೋಡು, ಬಸಳೆ ಚಪ್ಪರ, ಏಡಿಯ ಬಿಲ ಎಂಬ ಭೇದವಿಲ್ಲದೆ ಅದು ಬಿದ್ದಿತು. ಮೀನುಗಳಿಗಂತೂ ಅದರ ಅತ್ಯಲ್ಪ ಪ್ರಮಾಣವೇ ಮಾರಕ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಪೀಡಿತ ಮಕ್ಕಳಿಗಾಗಿ ಪಾಲನಾ ಕೇಂದ್ರವನ್ನು ಇದೇ ಊರಿನಲ್ಲಿ ತೆರೆಯಬೇಕಾಯಿತು. ಇದನ್ನು ನಾನು ವಿವರಿಸುವುದಕ್ಕಿಂತ ನಿಮ್ಮಲ್ಲಿ ಹಲವರು ಹೆಚ್ಚಾಗಿ ಬಲ್ಲಿರಿ.

ನಾನು ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಅಷ್ಟು ವಿಷ ಸುರಿದುದು ಯಾವ ಕೀಟದ ಮೇಲೆ? ಗೇರಿನ ಎಳೆ ಚಿಗುರು, ಹೂಗೊಂಚಲುಗಳ ರಸ ಹೀರುವ ಟೀ ಸೊಳ್ಳೆಯ ಮೇಲೆ. ಆ ಟೀ ಸೊಳ್ಳೆಗೆ ಮರದಲ್ಲೇ ಒಬ್ಬ ವೈರಿಯಿದ್ದಾನೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಅಂದರೆ ಮಲೆನಾಡಿನವರ ಚಗಳಿ. ಗೂಡನ್ನು ಕಾದ ಬಾಣಲೆಯ ಮೇಲೆ ಕೊಡವಿ, ಹುರಿದು, ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪು, ತೆಂಗಿನತುರಿ ಸೇರಿಸಿ ಅರೆದು ಚಟ್ನಿ ಮಾಡುವುದೂ ಇದೇ ಇರುವೆಯಿಂದ. ಇದಕ್ಕೆ ಹುಣಸೆಹುಳಿ ಬೇಕಿಲ್ಲ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇಂಥದೇ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಚೀನಾದ ಕಿತ್ತಳೆ ಬೆಳೆಗಾರರು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಈ ಇರುವೆಯ ಗೂಡುಗಳನ್ನು ಕೊಂಡು ತಂದು ಮರಗಳಿಗೆ ಕಟ್ಟುತ್ತಿದ್ದರು. ಕೀಟದಿಂದ ಕೀಟವನ್ನು ಹತೋಟಿ ಮಾಡಿದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಆಫ್ರಿಕ, ಆಸ್ಟ್ರೇಲಿಯಗಳ ಗೇರು ತೋಟಗಳಲ್ಲಿಯೂ ಇವು ಟೀ ಸೊಳ್ಳೆಯನ್ನು ಕಡಿಮೆ ಮಾಡುವುದು ಸಿದ್ಧವಾಗಿದೆ.

ಗೇರುಬೀಜ ಹೆಕ್ಕುವವರಿಗೆ ಚಗಳಿ ಕಚ್ಚುವುದು ನಿಜ. ಅದಕ್ಕಾಗಿ ತೋಟದ ಎಲ್ಲ ಗೂಡುಗಳನ್ನು ಸುಡುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಮಾಡಬೇಡಿ. ಕೈಗೆ ನಿಲುಕುವ ತಗ್ಗಿನ ಕೊಂಬೆಗಳ ಗೂಡುಗಳನ್ನು ಮಾತ್ರ ತೆಗೆಯಿರಿ, ಬೇಕಿದ್ದವರು ಚಟ್ನಿ ಮಾಡಿಕೊಳ್ಳಲಿ. ಮೇಲಿನ ಗೂಡುಗಳು ಇರಲಿ. ರಾಣಿಯಿರುವ ಗೂಡು ಹೋದರೆ ಆ ಸಂಸಾರವೇ ಮುಗಿಯುತ್ತದೆ. ಕೀಟನಾಶಕ ಸಿಂಪಡಿಸಿದ ಮರದ ಗೂಡನ್ನು ಅಡುಗೆಮನೆಗೆ ತರಲೇಬಾರದು.

ಕಪ್ಪೆಯ ಕಥೆಯೂ ಇದೇ ಜಾಡಿನದು. ನಮ್ಮಲ್ಲಿ ಕಪ್ಪೆ ತಿನ್ನುವವರು ಕಡಿಮೆ. ಗೋವೆಯಲ್ಲಿ ಮಳೆಗಾಲದಲ್ಲಿ ಕದ್ದುಮುಚ್ಚಿ ತಿನ್ನುತ್ತಾರೆ. ಆದರೆ ಯುರೋಪು, ಅಮೆರಿಕದವರ ಊಟಕ್ಕಾಗಿ ನಮ್ಮ ದೇಶದ ಗದ್ದೆಗಳಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಯ ಕಾಲುಗಳು ಹಡಗು ಹತ್ತುತ್ತಿದ್ದ ಕಾಲವಿತ್ತು. ಕಪ್ಪೆ ಕಡಿಮೆಯಾದಂತೆ ಗದ್ದೆಯ ಕೀಟಗಳು ಹೆಚ್ಚುವುದೂ, ಕೀಟ ಕೊಲ್ಲಲು ಔಷಧ ಕೊಳ್ಳಬೇಕಾಗುವುದೂ ಅರಿವಿಗೆ ಬಂದು 1987ರಲ್ಲಿ ಸರಕಾರ ರಫ್ತನ್ನು ನಿಲ್ಲಿಸಿತು. ಕಪ್ಪೆಯ ಕಾಲು ಮಾರಿ ಕೀಟನಾಶಕ ಕೊಳ್ಳುವ ವ್ಯಾಪಾರ ಯಾವ ಲೆಕ್ಕದಲ್ಲೂ ಲಾಭದ್ದಲ್ಲ.

ಕೊನೆಯದಾಗಿ ಅಡಿಕೆ ತೋಟದ ವಿಷಯ. ಬೋರ್ಡೋ ಬೆರೆಸಿದ ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿ ತೊಳೆಯಬೇಡಿ. ಮೈಲುತುತ್ತು ಮನುಷ್ಯನಿಗಿಂತ ಮೊದಲು ಏಡಿ, ಮೀನು, ಕಪ್ಪೆಮರಿಗಳಿಗೆ ತಾಗುತ್ತದೆ. ತೊಳೆದ ನೀರನ್ನು ತೋಡಿನಿಂದ, ಬಾವಿಯಿಂದ ದೂರ ಒಂದು ಗುಂಡಿಗೆ ಹಾಕಿ. ಕಳೆನಾಶಕ ಬಳಸುವವರು ತೋಟದ ಒಂದು ಮೂಲೆಯನ್ನಾದರೂ ಸಿಂಪರಣೆಯಿಲ್ಲದೆ ಬಿಟ್ಟು, ತಿಮರೆ, ತಜಂಕು, ಕೆಸು ಕೊಯ್ಯಲು ಬರುವ ಹೆಂಗಸರಿಗೆ ಆ ಮೂಲೆ ಯಾವುದೆಂದು ಮೊದಲೇ ತಿಳಿಸಿ. ಸಿಂಪಡಿಸಿದ ದಿನ ನೆರೆಮನೆಯವರಿಗೂ ಒಂದು ಮಾತು ಹೇಳಿರಿ, ಏಕೆಂದರೆ ತೋಡು ನಿಮ್ಮ ಬೇಲಿಯಲ್ಲಿ ನಿಲ್ಲದೆ ಅವರ ಗದ್ದೆಗೂ ಹೋಗುತ್ತದೆ.