ಕೀಲುಬೇನೆ ಮತ್ತು ಮೂರನೆಯ ಮಾಳಿಗೆ

(ಸಂಘದ ಅಕ್ಟೋಬರ್ ತಿಂಗಳ ಹಿರಿಯರ ಕೂಟದಲ್ಲಿ ಮಾಡಿದ ಭಾಷಣ)



ಕೀಲುಬೇನೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ನಾವು ವೈದ್ಯರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿರುವವರು. ವಯಸ್ಸೂ ಇನ್ನೂ ನಲವತ್ತು ದಾಟಿಲ್ಲ. ಮೊಣಕಾಲ ನೋವೆಂದರೇನೆಂದು ನಮ್ಮ ಮೊಣಕಾಲಿಗೆ ಇನ್ನೂ ಗೊತ್ತಿಲ್ಲ. ಆದರೆ ಈ ಬೇನೆಯನ್ನು ನಾವು ಎರಡು ಕಡೆ ಹತ್ತಿರದಿಂದ ಕಂಡಿದ್ದೇವೆ: ಒಂದು ಬ್ಯಾಂಕಿನ ಕೌಂಟರಿನ ಮುಂದೆ, ಮತ್ತೊಂದು ನಮ್ಮ ಮನೆಯೊಳಗೆ. ಎರಡು ಕಡೆಯೂ ಕಂಡೂ ಕಾಣದವರಾದೆವು. ಆ ತಪ್ಪನ್ನು ತಮ್ಮ ಮುಂದೆ ಹೇಳಿಕೊಳ್ಳುವುದಕ್ಕೆ ವೈದ್ಯಪದವಿ ಬೇಕಾಗಿಲ್ಲವೆಂದುಕೊಂಡು ಒಪ್ಪಿದೆವು.

ಬ್ಯಾಂಕಿನ ಸಂಗತಿ ಮೊದಲು. ಕೆಲವು ವರ್ಷಗಳ ಹಿಂದೆ ವೃದ್ಧರೊಬ್ಬರು ತಮ್ಮ ಖಾತೆಯಿಂದ ಹಣ ತೆಗೆಯಲು ಚೆಕ್ಕು ಕೊಟ್ಟರು. ಸಹಿ ನಮ್ಮ ದಾಖಲೆಯ ಸಹಿಗೆ ಹೊಂದಲಿಲ್ಲ. ಮತ್ತೆ ಬರೆಯಿರೆಂದೆವು, ಬರೆದರು, ಅದು ಮೊದಲಿನದಕ್ಕೂ ಹೊಂದಲಿಲ್ಲ, ದಾಖಲೆಗೂ ಹೊಂದಲಿಲ್ಲ. ಹಿಂದೆ ಸರದಿ ಬೆಳೆಯುತ್ತಿತ್ತು. ಸಹಿ ವ್ಯತ್ಯಾಸವೆಂದು ಷರಾ ಬರೆದು ಚೆಕ್ಕನ್ನು ಹಿಂದಿರುಗಿಸಿದೆವು. ಅವರು ಅದನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ನಮ್ಮ ಕಣ್ಣು ಆ ಕೈಯ ಮೇಲೆ ಬಿತ್ತು. ಬೆರಳಿನ ಗೆಣ್ಣುಗಳು ಅಡಕೆಯಂತೆ ಊದಿದ್ದವು. ಹೆಬ್ಬೆರಳೂ ತೋರುಬೆರಳೂ ಕೂಡಿ ಒಂದು ಕಾಗದವನ್ನು ಹಿಡಿಯಲಾರದಾಗಿದ್ದವು. ಅವರು ಏನೂ ಅನ್ನಲಿಲ್ಲ. ಅಂಗೈಯಿಂದ ಚೆಕ್ಕನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದರು.

ಇನ್ನು ಮನೆಯ ಸಂಗತಿ. ನಮ್ಮ ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ಗದಗಿನ ಕಡೆಯಿಂದ ಡೊಂಬಿವಲಿಗೆ ಕರೆದುತಂದೆವು. ಎಂಐಡಿಸಿಯ ನಮ್ಮ ಹಳೆಯ ಸೊಸೈಟಿಗಳ ಸ್ಥಿತಿ ತಮಗೆ ಗೊತ್ತೇ ಇದೆ: ಮನೆ ಮೂರನೆಯ ಮಾಳಿಗೆ, ಲಿಫ್ಟಿಲ್ಲ, ಮೆಟ್ಟಿಲು ಐವತ್ತನಾಲ್ಕು. ಮೊದಲ ವರ್ಷ ದಿನಾ ಸಂಜೆ ಇಳಿದು ದೇವಸ್ಥಾನಕ್ಕೆ ಹೋಗಿಬರುತ್ತಿದ್ದರು. ಎರಡನೆಯ ವರ್ಷ ವಾರಕ್ಕೊಮ್ಮೆ. ಸಂಘದ ಕಾರ್ಯಕ್ರಮಕ್ಕೆ ಕರೆದರೆ, ‘ಅಲ್ಲಿ ಮಂದಿ ಭಾಳ’ ಎನ್ನತೊಡಗಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಅರವತ್ತು ವರ್ಷ ಜೋಳದ ರೊಟ್ಟಿಯಿಲ್ಲದೆ ಊಟ ಮಾಡದವರು ಚಪಾತಿಯೇ ಸಾಕೆಂದರು. ಅವ್ವನಿಗೆ ಮುಂಬಯಿಯ ರುಚಿ ಹತ್ತಿತೆಂದು ನಾವು ಮನೆಯಲ್ಲಿ ಕೂತು ನಕ್ಕೆವು. ರೊಟ್ಟಿ ಬಡಿಯಲು ಅಂಗೈ ಊರಬೇಕು, ಮಣಿಕಟ್ಟು ಆಡಬೇಕು. ಅವರ ಮಣಿಕಟ್ಟು ಆಡುತ್ತಿರಲಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ದಸರೆಯಲ್ಲಿ ಬಳೆ ತೊಡಿಸಹೋದಾಗ, ಹಳೆಯ ಅಳತೆಯ ಬಳೆ ಕೈ ದಾಟದೆ ನಿಂತಾಗ, ನಮ್ಮ ಶ್ರೀಮತಿಯವರು ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಕೇಳಿದರೆ ತಾಯಿಯವರ ಉತ್ತರ ಇಷ್ಟೇ: ‘ವಯಸ್ಸಾತಲ್ಲಪಾ, ಗೆಣ್ಣು ಹಿಡಿತಾವ. ಅದಕ್ಕೇನು ಹೇಳೂದು?’

ಆಗಲೂ ನಾವು ಮಾಡಿದ್ದೇನು? ಔಷಧದಂಗಡಿಯಿಂದ ನೋವಿನ ಗುಳಿಗೆ ತಂದೆವು. ಎಂಟು ತಿಂಗಳು ತಂದೆವು. ಕೊನೆಗೆ ವೈದ್ಯರ ಬಳಿಗೆ ಹೋಗಿ ರಕ್ತಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಇದು ವಯಸ್ಸಿನ ಸವೆತವಲ್ಲ, ರೂಮಟಾಯಿಡ್ ಸಂಧಿವಾತ ಎಂದು. ಅಷ್ಟರಲ್ಲಿ ಎರಡು ಬೆರಳು ಡೊಂಕಾಗಿದ್ದವು. ಈಗ ಚಿಕಿತ್ಸೆಯಿಂದ ಬಾವು ಇಳಿದಿದೆ, ನೋವು ತಗ್ಗಿದೆ. ಆ ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲ.

ಆದ್ದರಿಂದ ನಾವು ಈ ದಿನ ಮುಖ್ಯವಾಗಿ ಹೇಳಬೇಕಾದದ್ದು ಆ ‘ವಯಸ್ಸಾತು’ ಎಂಬ ಮಾತಿನ ಬಗೆಗೆ. ಕೀಲು ಊದಿದ್ದಕ್ಕೆಲ್ಲ ವಯಸ್ಸೊಂದೇ ಕಾರಣವಲ್ಲ, ಮತ್ತು ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ಮದ್ದಿದೆ. ವೈದ್ಯರಿಂದ ಕೇಳಿ ತಿಳಿದಷ್ಟನ್ನು ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುತ್ತೇವೆ.

ಹೆಚ್ಚು ಜನರಲ್ಲಿ ಕಾಣುವುದು ಸವೆತದ ಬೇನೆ, ಆಸ್ಟಿಯೋ ಆರ್ಥ್ರೈಟಿಸ್. ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆಯುತ್ತದೆ. ಮೊಣಕಾಲು, ಸೊಂಟದ ಕೀಲು, ಬೆರಳ ತುದಿಯ ಗೆಣ್ಣು ಇದರ ಸ್ಥಾನಗಳು. ನಡೆದಷ್ಟೂ, ಮೆಟ್ಟಿಲು ಹತ್ತಿಳಿದಷ್ಟೂ ನೋವು ಹೆಚ್ಚು, ಕುಳಿತರೆ ಕಡಿಮೆ. ಬೆಳಗ್ಗೆ ಎದ್ದಾಗ ಹಿಡಿದುಕೊಂಡರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಮ್ಮ ತಾಯಿಯವರದು ಇದಕ್ಕೆ ವಿರುದ್ಧ. ಎರಡೂ ಕೈಗಳಲ್ಲಿ ಒಮ್ಮೆಗೇ ಬರುತ್ತದೆ, ಮಣಿಕಟ್ಟು ಮತ್ತು ಬೆರಳ ಬುಡದ ಗೆಣ್ಣುಗಳು ಮೆತ್ತಗೆ, ಬಿಸಿಯಾಗಿ ಊದುತ್ತವೆ, ಬೆಳಗಿನ ಹಿಡಿತ ಗಂಟೆ ಕಳೆದರೂ ಬಿಡದು, ಜೊತೆಗೆ ದಣಿವು. ಶರೀರದ ರಕ್ಷಣಾ ಪಡೆ ದಾರಿ ತಪ್ಪಿ ತನ್ನ ಕೀಲಿನ ಮೇಲೆಯೇ ಬೀಳುವ ಕಾಯಿಲೆಯಿದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳುಗಳಲ್ಲೇ ಮದ್ದು ಆರಂಭಿಸಿದರೆ ಕೀಲು ಉಳಿಯುತ್ತದೆ. ನಾವು ಕಳೆದದ್ದು ಆ ತಿಂಗಳುಗಳನ್ನೇ.

ಮೂರನೆಯದು ಯೂರಿಕ್ ಆಮ್ಲದ ಗೌಟ್. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಡವಾಗಿ, ಹೊದಿಕೆ ತಗುಲಿದರೂ ಪ್ರಾಣ ಹೋಗುವಂತಾಗುವುದು. ಇದಕ್ಕೆ ಪ್ರತ್ಯೇಕ ಔಷಧವಿದೆ. ಇವೆಲ್ಲಕ್ಕಿಂತ ತ್ವರೆಯದು ಒಂದಿದೆ: ಒಂದೇ ಕೀಲು ಹಠಾತ್ತನೆ ಕೆಂಪಗೆ ಊದಿ ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಆಗ ಎಣ್ಣೆ, ಶಾಖ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೀಲುಬೇನೆಗೂ ಮುಪ್ಪಿಗೂ ಇರುವ ನಂಟು ನಾವು ತಿಳಿದಷ್ಟು ಗಟ್ಟಿಯಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ, ಬಡ ದಲಿತ ಕೂಲಿ ಕುಟುಂಬಗಳ ಮಕ್ಕಳೂ ಯುವಕರೂ ಸೊಂಟ ಮೊಣಕಾಲು ಹಿಡಿದು, ಬಾಗಿ, ಕೋಲೂರಿ ನಡೆಯುವಂತಾದದ್ದು ಬೆಳಕಿಗೆ ಬಂದಿತು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದರಿಂದ ಆಯಿತೆಂದು ಮೊದಲು ಶಂಕಿಸಿದರು. ಮುಂದಿನ ಶೋಧನೆಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವ ಎಲುಬು-ಕೀಲುಗಳ ದೋಷವೆಂದು ಕಂಡುಬಂದಿತು. ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಇಪ್ಪತ್ತು ವರ್ಷದವನ ಕೀಲು ಎಪ್ಪತ್ತರದಂತಾದಾಗ ವಯಸ್ಸನ್ನು ದೂರುವುದು ಹೇಗೆ?

ಚಿಕೂನ್‌ಗುನ್ಯಾವನ್ನು ತಾವು ಯಾರೂ ಮರೆತಿರಲಾರಿರಿ. ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಹಬ್ಬಿ, ಬಳಿಕ ಮೂರು ದಶಕ ಅಡಗಿದ್ದು, 2006ರಲ್ಲಿ ಕರ್ನಾಟಕ ಮಹಾರಾಷ್ಟ್ರಗಳೆರಡರಲ್ಲೂ ಹಳ್ಳಿಗೆ ಹಳ್ಳಿಯನ್ನೇ ಮಲಗಿಸಿತು. ಆಫ್ರಿಕದ ಮಕೊಂಡೆ ಜನರ ಭಾಷೆಯಲ್ಲಿ ಆ ಹೆಸರಿಗೆ ಬಾಗಿಸುವುದು ಎಂಬ ಅರ್ಥವಂತೆ; ಅರ್ಥ ತಿಳಿಯದೆಯೂ ನಮ್ಮೂರಿನವರು ಬಾಗಿಯೇ ನಡೆದರು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಕಾರಖಾನೆಯ ಹಿಂದೆ, ಗಚ್ಚಿಯ ಮೇಲೆ ನಿಂತ ನೀರಿನಲ್ಲಿ ಸೊಳ್ಳೆ ಸಾಕುವ ನಮ್ಮ ಎಂಐಡಿಸಿಗೆ ಇದು ಹಳೆಯ ಕಥೆಯೆಂದು ಯಾರೂ ತಿಳಿಯಬಾರದು.

ಗುಳಿಗೆಗಳ ವಿಷಯದಲ್ಲಿ ಎರಡು ಮಾತು. ನೋವಿನ ಗುಳಿಗೆ ನೋವನ್ನು ಮುಚ್ಚುತ್ತದೆ. ದೀರ್ಘಕಾಲ ನುಂಗಿದರೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲುದು, ರಕ್ತದೊತ್ತಡ ಏರಿಸಬಲ್ಲುದು. ರೂಮಟಾಯಿಡ್‌ಗೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದು. ದಿನನಿತ್ಯದ ಗುಳಿಗೆಯೆಂದು ತಿಳಿದು ದಿನವೂ ನುಂಗಿದರೆ ಪ್ರಾಣಾಪಾಯ. ನಮ್ಮ ಮನೆಯಲ್ಲಿ ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಕನ್ನಡದಲ್ಲಿ ‘ರವಿವಾರ ಮಾತ್ರ’ ಎಂದು ಬರೆದಿದ್ದೇವೆ. ಗುಳಿಗೆಯ ಹೊದಿಕೆಯ ಮೇಲಿನ ಇಂಗ್ಲಿಷು ನಮ್ಮ ತಾಯಂದಿರಿಗೆ ಓದಲು ಬಾರದು. ಇದು ಸಣ್ಣ ವಿಷಯವಲ್ಲ. ಇನ್ನು ರೈಲಿನ ಡಬ್ಬಿಯಲ್ಲಿ ಚೀಟಿ ಅಂಟಿಸಿರುತ್ತಾರಲ್ಲ, ಮೂರು ದಿನದಲ್ಲಿ ಮೊಣಕಾಲು ಸರಿಯಾಗುವ ಪುಡಿಯೆಂದು, ಅದರ ಗೊಡವೆ ಬೇಡ. ಅಂಥ ಪುಡಿಗಳಲ್ಲಿ ಹೇಳದೆ ಸ್ಟಿರಾಯಿಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಸವೆತದ ಮೊಣಕಾಲಿಗೆ ನಡೆದಾಟ ಬಿಡುವುದೇ ಉಪಾಯವೆಂದು ನಾವು ತಿಳಿದಿದ್ದೆವು. ಅದು ತಪ್ಪು. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಕೀಲು ಆಡಿದಾಗ ಒಳಗಿನ ದ್ರವ ಹರಿದಾಡಿಯೇ ಅದಕ್ಕೆ ಆಹಾರ ಸಿಗಬೇಕು. ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸಿ. ಬೆಳಗ್ಗೆ ಹತ್ತು, ಸಂಜೆ ಹತ್ತು. ತೊಡೆಯ ಸ್ನಾಯು ಬಲಿತರೆ ಮೊಣಕಾಲಿನ ಹೊರೆ ಹಗುರಾಗುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಇಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡದು! ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹಿಡಿತಕ್ಕೆ ಬಿಸಿನೀರಿನ ಶಾಖ ಹಿತ. ಕೆಂಪಗೆ ಬಿಸಿಯಾಗಿ ಊದಿದ ಕೀಲಿಗೆ ತಣ್ಣನೆಯ ಬಟ್ಟೆ ಹಿತ, ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಕಕ್ಕಸಿನಲ್ಲಿ ಕಮೋಡು, ಗೋಡೆಗೆ ಒಂದು ಹಿಡಿಕೆ: ಇವಕ್ಕಾಗುವ ಖರ್ಚು ನಾವು ಒಂದು ದೀಪಾವಳಿಗೆ ಮಾಡುವ ಖರ್ಚಿಗಿಂತ ಕಡಿಮೆ. ಕೇಳಲು ನಾಚುವವರು ಅವರು, ನಾವೇ ಮಾಡಿಸಿಬಿಡಬೇಕು.

ಇದಾವುದೂ ಸಾಲದೆ ಮೊಣಕಾಲು ಪೂರ್ಣ ಸವೆದಾಗ ಶಸ್ತ್ರಚಿಕಿತ್ಸೆ. ಪ್ರಧಾನಿಗಳಾಗಿದ್ದ ಅಟಲ ಬಿಹಾರಿ ವಾಜಪೇಯಿಯವರು 2000ದ ಅಕ್ಟೋಬರಿನಲ್ಲಿ ಒಂದು ಮೊಣಕಾಲನ್ನೂ, 2001ರ ಜೂನಿನಲ್ಲಿ ಇನ್ನೊಂದನ್ನೂ ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ ರಾಣಾವತರಿಂದ ಬದಲಿಸಿಕೊಂಡದ್ದರಿಂದ ಜನಕ್ಕೆ ಇದರ ಭಯ ಕಡಿಮೆಯಾಯಿತು. ವೆಚ್ಚದ ಭಯ ಉಳಿದಿತ್ತು. 2017ರ ಆಗಸ್ಟಿನಲ್ಲಿ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು: ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಬಗೆಯದಕ್ಕೆ ಅಂದು ತೆರಿಗೆ ಬಿಟ್ಟು 54,720 ರೂಪಾಯಿ, ಅದಕ್ಕೆ ಮೊದಲು ಒಂದೂವರೆ ಲಕ್ಷದ ಆಸುಪಾಸು ಇತ್ತು. ಆಸ್ಪತ್ರೆಯ ಬಿಲ್ಲಿನಲ್ಲಿ ಆ ಕೃತಕ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಬೇಕು. ಮುಂಗಡ ಕಟ್ಟುವ ಮೊದಲೇ ಕೇಳಿರಿ. ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ, ಆದರೂ ಚಿಂತೆಯಿಲ್ಲ.

ಇನ್ನು ನಮ್ಮ ಕಸುಬಿನ ಮಾತು. ನವೆಂಬರ್ ಬಂದಿತೆಂದರೆ ನಮಗೆ ರಾಜ್ಯೋತ್ಸವ. ನಿವೃತ್ತರಿಗೆ ಬ್ಯಾಂಕಿನ ಮುಂದೆ ಜೀವನ ಪ್ರಮಾಣಪತ್ರದ ಸರದಿ. ಬದುಕಿದ್ದೇವೆಂದು ತೋರಿಸಲು ನೋಯುವ ಕಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವವರನ್ನು ಪ್ರತಿ ವರ್ಷ ನೋಡುತ್ತೇವೆ. 2014ರಿಂದ ಇದನ್ನು ಬೆರಳಚ್ಚಿನ ಮೂಲಕ, 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು. ಬೆರಳು ಡೊಂಕಾಗಿ ಯಂತ್ರದ ಮೇಲೆ ಸಮನಾಗಿ ಕೂರದವರಿಗೆ ಮುಖದ ದಾರಿಯೇ ಲೇಸು. ಮನೆಯ ಮಕ್ಕಳು ಹತ್ತು ನಿಮಿಷದಲ್ಲಿ ಮಾಡಿಕೊಟ್ಟಾರು. ಅಲ್ಲದೆ ಎಪ್ಪತ್ತು ದಾಟಿದವರಿಗೂ, ದೀರ್ಘಕಾಲದ ಕಾಯಿಲೆಯಿಂದ ನಡೆಯಲಾಗದೆ ವೈದ್ಯರ ಪತ್ರವುಳ್ಳವರಿಗೂ ಮನೆಬಾಗಿಲಿಗೆ ಬಂದು ಹಣ ಕೊಡುವ, ತೆಗೆದುಕೊಳ್ಳುವ, ಈ ಪ್ರಮಾಣಪತ್ರವನ್ನು ಸ್ವೀಕರಿಸುವ ಏರ್ಪಾಡನ್ನು ಬ್ಯಾಂಕುಗಳು ಮಾಡಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರ್ 9ರಂದು ಸೂಚಿಸಿತು. ಸ್ವಲ್ಪ ಶುಲ್ಕ ಬೀಳಬಹುದು. ಕೇಳಿದವರಿಗೆ ಸಿಗುತ್ತದೆ, ಕೇಳುವವರು ಕಡಿಮೆ.

ಮತ್ತು ಸಹಿ. ಕೈ ಊದಿ ಸಹಿ ಮಾಡಲಾಗದ ಖಾತೆದಾರರು ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಈ ನಿಯಮ ಆ ವೃದ್ಧರು ಬಂದ ದಿನವೂ ಇತ್ತು. ಪುಸ್ತಕ ನಮ್ಮ ಮೇಜಿನ ಖಾನೆಯಲ್ಲೇ ಇತ್ತು. ನಾವು ತೆರೆದು ನೋಡಲಿಲ್ಲ. ಅವರು ಮತ್ತೆ ನಮ್ಮ ಕೌಂಟರಿಗೆ ಬರಲಿಲ್ಲ. ನಮ್ಮ ತಾಯಿಯವರು ಮಗನ ಮುಂದೆ ನೋವು ಹೇಳಲು ನಾಚಿದಂತೆಯೇ ಅವರು ಗುಮಾಸ್ತನ ಮುಂದೆ ನಾಚಿದ್ದಿರಬೇಕು.

ಈಗ ಒಂದು ಕೆಲಸದ ಮಾತು ಹೇಳಿ ಕುಳಿತುಕೊಳ್ಳುತ್ತೇವೆ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಲಿಫ್ಟಿಲ್ಲದ ಮಾಳಿಗೆಯಿಂದ ಇಳಿಯಲಾಗದ ಹಿರಿಯರು ಯಾರಾರಿದ್ದಾರೆಂದು ಒಂದು ಪಟ್ಟಿ ಮಾಡುತ್ತಿದ್ದೇವೆ. ವಹಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೆಸರು, ಮಾಳಿಗೆ, ಯಾವ ಬ್ಯಾಂಕೆಂದಷ್ಟೇ ಬರೆದರೆ ಸಾಕು. ನವೆಂಬರ್ ತಿಂಗಳ ರವಿವಾರಗಳಲ್ಲಿ ನಾವು ನಾಲ್ಕು ಜನ ಮೊಬೈಲು ಹಿಡಿದು ಮನೆಗೇ ಬರುತ್ತೇವೆ. ಇಂದಿನ ಊಟಕ್ಕೆ ನೆಲದ ಪಂಕ್ತಿಯ ಜೊತೆಗೆ ಎಡಗಡೆಯಲ್ಲಿ ಮೇಜು ಕುರ್ಚಿಗಳನ್ನೂ ಹಾಕಿಸಿದೆ. ಮೊದಲು ಹೋಗಿ ಕೂರಲು ಯಾರಿಗಾದರೂ ಸಂಕೋಚವಾದರೆ, ನಮ್ಮ ತಾಯಿಯವರು ಆಗಲೇ ಅಲ್ಲಿ ಕುಳಿತಿದ್ದಾರೆ.