ಕಾರಾಪುರದ ಬಾಲಕನೂ ಮನಸ್ಸಿನಲ್ಲಿ ನಿಲ್ಲುವ ಚಿತ್ರವೂ



ಚಲಚ್ಚಿತ್ರದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನಾನು ತುಸು ಹಿಂಜರಿದೆನು. ಮಠದ ಉತ್ಸವಕ್ಕೂ ಚಿತ್ರಮಂದಿರಕ್ಕೂ ಎತ್ತಣ ಸಂಬಂಧವೆಂದು ಕೆಲವರಾದರೂ ಕೇಳಿಕೊಳ್ಳುತ್ತಿರಬಹುದು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಬಂದು ನೆರೆದಿರುವ ತಮ್ಮೆದುರಿಗೆ ನಾನು ದೂರದೇಶದ ಕಥೆಯನ್ನು ಹೇಳಬೇಕಾದುದಿಲ್ಲ. ಕೋಟೆಯ ಸೀಮೆಯಲ್ಲಿ, ಕಪಿಲೆಯ ದಡದಲ್ಲಿ ಹುಟ್ಟಿದ ಹುಡುಗನೊಬ್ಬನ ಕಥೆಯೇ ಸಾಕು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕಾದ ಚಿತ್ರಕಾರನು ಮೈಸೂರು ಸೀಮೆಗೆ ಬಂದನು. ಈತನು ದೊಡ್ಡ ಕಂಪೆನಿಗಳ ಪಡಿಯಚ್ಚಿಗೆ ಒಗ್ಗಿದವನಲ್ಲ. ಉತ್ತರದ ಹಿಮಪ್ರದೇಶದ ಬೇಟೆಗಾರರೊಡನೆ ತಿಂಗಳುಗಟ್ಟಲೆ ಇದ್ದು, ಅವರನ್ನೇ ಪಾತ್ರಗಳನ್ನಾಗಿ ಮಾಡಿ, 1922ರಲ್ಲಿ ‘ನಾನೂಕ್’ ಎಂಬ ಚಿತ್ರವನ್ನು ಲೋಕಕ್ಕೆ ಕೊಟ್ಟವನು. ಅದಕ್ಕೆ ಹಣ ಒದಗಿಸಿದವರು ತುಪ್ಪುಳುದೊಗಲಿನ ವ್ಯಾಪಾರಿಗಳು! ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಅವನಿಗೆ ಮಾವಟಿಗರ ಹುಡುಗನೊಬ್ಬನು ಬೇಕಾಗಿದ್ದನು. ಅವನ ಛಾಯಾಗ್ರಾಹಕನ ಕಣ್ಣಿಗೆ ಬಿದ್ದವನು ಕಾರಾಪುರದ ಸಾಬು. 1924ರಲ್ಲಿ ಹುಟ್ಟಿದವನು, ಮಾವಟಿಗನ ಮಗ, ತಬ್ಬಲಿ. ನಟನೆಯೆಂದರೇನೆಂದು ಅವನು ಕಲಿತಿರಲಿಲ್ಲ. ಆನೆಯೆಂದರೇನೆಂಬುದನ್ನು ಬಲ್ಲವನಾಗಿದ್ದನು.

ಫ್ಲಾಹರ್ಟಿಯು ಅವಸರವಿಲ್ಲದೆ ಕಾಡನ್ನೂ ಆನೆಗಳನ್ನೂ ಚಿತ್ರಿಸುತ್ತಾ ಹೋದನು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನಿಗೆ ಖರ್ಚಿನ ಚಿಂತೆ. ಕಡೆಗೆ ಅವನ ತಮ್ಮ ಜೋಲ್ಟಾನನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸಂಭಾಷಣೆಯ ದೃಶ್ಯಗಳನ್ನು ತೆಗೆದು ಸೇರಿಸಿದನು. 1937ರಲ್ಲಿ ‘ಎಲಿಫೆಂಟ್ ಬಾಯ್’ ಹೊರಬಂದಿತು. ವೆನಿಸ್ಸಿನಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ದೊರೆಯಿತು.

ಆ ಒಂದು ಚಿತ್ರದೊಳಗೆ ಎರಡು ಚಿತ್ರಗಳುಂಟೆಂದು ನನ್ನ ಅಭಿಪ್ರಾಯ. ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ನಟರು ಮಾವಟಿಗರಂತೆ ಆಡುವ ಮಾತುಗಳಲ್ಲಿ ಒಂದೂ ನನಗೆ ನೆನಪಿಲ್ಲ. ಆದರೆ ಆ ಹುಡುಗನ ನಗು, ಕಾಲನಾಗನೆಂಬ ಆನೆಯ ಬೆನ್ನಿನ ಮೇಲೆ ಅವನು ತನ್ನ ಮನೆಯಂಗಳದಲ್ಲಿರುವಂತೆ ಕುಳಿತಿರುವ ರೀತಿ, ತಂದೆಯನ್ನು ಹುಲಿ ಕೊಂದಮೇಲೆ ಆನೆಗೂ ಹುಡುಗನಿಗೂ ಒಂದೇ ಆಗಿಬಿಡುವ ದುಃಖ, ಇವು ಮರೆಯುವುದಿಲ್ಲ. ಹಣವೂ ಅವಸರವೂ ಕೊಡಲಾರದುದನ್ನು ತಾಳ್ಮೆಯು ಕೊಟ್ಟಿದೆ.

ಸಾಬು ಮತ್ತೆ ಲಾಯಕ್ಕೆ ಮರಳಲಿಲ್ಲ. ಲಂಡನ್, ಬಳಿಕ ಹಾಲಿವುಡ್. 1944ರಲ್ಲಿ ಅಮೆರಿಕಾದ ಪೌರತ್ವ. ಯುದ್ಧದಲ್ಲಿ ವಿಮಾನದ ಬಂದೂಕುಗಾರನ ಕೆಲಸ. ಕಂಪೆನಿಗಳು ಅವನಿಗೆ ಬಹುಪಾಲು ಕಾಡಿನ ಹುಡುಗನ ವೇಷವನ್ನೇ ಕೊಟ್ಟವು. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು.

ಆನೆ ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಬಾರಿ ನಡೆಯಿತು. 1974ರಲ್ಲಿ ಕಬಿನಿ ಜಲಾಶಯವು ಪೂರ್ಣಗೊಂಡು ಕಾಡೂ ಹಳ್ಳಿಗಳೂ ನೀರಿನಡಿಗೆ ಸೇರಿದವು. ಬೇಸಗೆಯಲ್ಲಿ ನೀರಿಳಿದಾಗ ಒಣಗಿದ ಮರದ ಮೋಟುಗಳು ಕಾಣುವುದನ್ನು ತಾವೂ ನೋಡಿದ್ದೀರಿ. ಸೆರೆಸಿಕ್ಕ ಆನೆಗಳನ್ನು ತೆರೆಯ ಮೇಲೆ ಕಾಣುವಾಗ ನನಗೆ ಬೆರಗಿನೊಡನೆ ನಾಚಿಕೆಯೂ ಆಗುತ್ತದೆ. ಆ ಕಾಡನ್ನು ಅಂಗೈಯಂತೆ ಬಲ್ಲ ಕುರುಬ ಜನರ ಪಾಲಿಗೆ ಏನು ಉಳಿಯಿತೆಂಬ ಪ್ರಶ್ನೆಯೂ ಕಾಡುತ್ತದೆ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹ ಅವರು 1977ರಲ್ಲಿ ತೆಗೆದ ‘ಕಾಕನಕೋಟೆ’ಯು ಅವರನ್ನು ಕಥೆಯ ನಡುವೆ ನಿಲ್ಲಿಸಿತು, ಅದು ದೊಡ್ಡ ಮಾತು. ಆದರೆ ಅಲ್ಲಿಯೂ ಕಥೆ ಹೇಳಿದವರು ಪೇಟೆಯವರೇ.

ಇಂದು ಹಾಡಿಯ ತರುಣನ ಕೈಯಲ್ಲಿಯೂ ಚಿತ್ರ ತೆಗೆಯುವ ಫೋನು ಉಂಟು. ಡೆನ್‌ಹ್ಯಾಮಿನ ಅಪ್ಪಣೆ ಬೇಕಿಲ್ಲ. ಆದುದರಿಂದ ಶ್ರೀಮಠದಲ್ಲಿ ನನ್ನದೊಂದು ಬಿನ್ನಹವುಂಟು. ಸಾಬುವಿನ ಆ ಹಳೆಯ ಚಿತ್ರವನ್ನು ಒಂದು ಸಂಜೆ ಕಾರಾಪುರದ ಬಯಲಿನಲ್ಲಿ ಬಿಳಿಯ ಪಂಚೆ ಕಟ್ಟಿಯಾದರೂ ತೋರಿಸಬೇಕು. ಅಣೆಕಟ್ಟಿಗೆ ಮುಂಚಿನ ಕಾಡನ್ನು ಕಂಡ ಮುದುಕರು ಇನ್ನೂ ಕೆಲವರಿದ್ದಾರೆ. ತೆರೆಯ ಮೇಲೆ ಮೂಡುವ ಮರ, ಹಳ್ಳ, ದಿಬ್ಬಗಳನ್ನು ನೋಡಿ ಅವರು ಏನು ಹೇಳುವರೋ, ಅದನ್ನು ಅವರ ಮೊಮ್ಮಕ್ಕಳು ಆಗಲೇ ಚಿತ್ರಿಸಿಕೊಳ್ಳಲಿ.