ಎಣಿಸುವವನು ಬೇರೆ, ಓದುವವನು ಬೇರೆ



ಚಿಕ್ಕಪಡಸಲಗಿ ಎಂದೊಡನೆ ನಾಡಿಗೆಲ್ಲ ನೆನಪಾಗುವುದು ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು, ಶ್ರಮಬಿಂದು ಸಾಗರ. ಆ ನೀರನ್ನು ಕಬ್ಬಿನ ಹೊಲಕ್ಕೆ ಏರಿಸುವ ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರ್, ಕರೆಂಟಿನ ಮೀಟರ್, ಸಕ್ಕರೆ ಕಾರ್ಖಾನೆಯ ಕಾಟಾ, ಇವುಗಳ ಒಳಗೆ ಈಗ ಪುಟ್ಟ ಪ್ರೊಸೆಸರುಗಳು ಕೂತಿವೆ. ಕರೆಂಟು ಬಂದ ಎಷ್ಟು ಹೊತ್ತಿಗೆ ಮೋಟರು ಚಾಲೂ ಆಗಬೇಕು, ಕಾಟಾ ಚೀಟಿಯ ಮೇಲೆ ಯಾವ ವೇಳೆ ಬೀಳಬೇಕು ಎಂಬುದು ಅವುಗಳ ಎಣಿಕೆಗೆ ಬಿಟ್ಟದ್ದು. ಆ ಎಣಿಕೆ ನಂಬಿಕೆಗೆ ಅರ್ಹವಾದ ಕಥೆಯೇ ಇಂದಿನ ಮಾತು.

ನಮ್ಮ ಹಿರಿಯರು ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲು ನೀರಿನ ಮೇಲೆ ತೇಲುತ್ತ 24 ನಿಮಿಷಕ್ಕೆ ತುಂಬಿ ಮುಳುಗುತ್ತಿತ್ತು. ಕಾವಲಿನವನು ಅದನ್ನೆತ್ತಿ ಬರಿದು ಮಾಡಿ ಮತ್ತೆ ತೇಲಿಬಿಡಬೇಕು. ಅವನು ತೂಕಡಿಸಿದರೆ ಬಟ್ಟಲು ಸರಿಯಿದ್ದೂ ಊರಿನ ಹೊತ್ತು ತಪ್ಪುತ್ತಿತ್ತು.

ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತಿರುಳು, ಅಂದರೆ ಕರ್ನೆಲ್, ಬಹುಕಾಲ ಈ ಕಾವಲಿನವನಾಗಿಯೇ ದುಡಿಯಿತು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೊದಮೊದಲ ದಿನಗಳಲ್ಲಿ ಟೈಮರ್ ಚಿಪ್ಪು ಸೆಕೆಂಡಿಗೆ 100 ಸಲ ಕರ್ನೆಲನ್ನು ತಟ್ಟುತ್ತಿತ್ತು. ಕರ್ನೆಲ್ ಪ್ರತಿ ತಟ್ಟಿಗೂ ಒಂದು ಕೂಡಿಸಿ ವೇಳೆ ಹೇಳುತ್ತಿತ್ತು. ಬೇರೆ ಕೆಲಸದಲ್ಲಿ ಮುಳುಗಿ ಒಂದು ತಟ್ಟು ಕೇಳಿಸದೆ ಹೋದರೆ ಗಡಿಯಾರ ಅಷ್ಟು ಹಿಂದೆ ಬೀಳುತ್ತಿತ್ತು. 1993ರ ಪೆಂಟಿಯಂನಲ್ಲಿ ಪ್ರೊಸೆಸರಿನ ಬಡಿತವನ್ನೇ ಎಣಿಸುವ ಕೌಂಟರು ಬಂತು. ಆದರೆ ಮುಂದೆ ಬ್ಯಾಟರಿ ಉಳಿಸಲೆಂದು ಪ್ರೊಸೆಸರಿನ ವೇಗ ತಗ್ಗಿಸತೊಡಗಿದಾಗ ಆ ಎಣಿಕೆಯೂ ಕುಂಟಿತು.

ಈ ತೊಡಕು ನೀಗಿದ್ದಕ್ಕೆ ನಮ್ಮ ನಾಡಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್. ಓದು ಬರಹ ಬಾರದವರಿಗೂ ಒದಗಲಿ ಎಂದು ಮಾಡಿದ, ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ ಅದು. ಅದರ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್ಪಿನ ಸಮಯದ ಏರ್ಪಾಡು ನನಗೆ ಬಹಳ ಮೆಚ್ಚುಗೆ. ಸೆಕೆಂಡಿಗೆ 36,86,400 ಸಲ ಮಿಡಿಯುವ ಹರಳು. ಆ ಮಿಡಿತವನ್ನು ತನ್ನಷ್ಟಕ್ಕೆ ಎಣಿಸುತ್ತ ಹೋಗುವ 32 ಬಿಟ್ ಕೌಂಟರು. ಪ್ರೊಸೆಸರಿನ ವೇಗ ಏನೇ ಆಗಲಿ, ಕೌಂಟರಿಗೆ ಅದರ ಗೊಡವೆಯಿಲ್ಲ. 36,864 ಮಿಡಿತಕ್ಕೊಮ್ಮೆ ಅದು ಕರ್ನೆಲನ್ನು ಕರೆಯುತ್ತದೆ. ಕರ್ನೆಲ್ ತಡವಾಗಿ ಓಗೊಟ್ಟರೂ ಕೌಂಟರನ್ನು ನೋಡಿ, ತಪ್ಪಿದ ತಟ್ಟುಗಳನ್ನು ಒಂದೊಂದಾಗಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕೌಂಟರು ತುಂಬಿ ಸೊನ್ನೆಗೆ ಮರಳುವುದು 19 ನಿಮಿಷ 25 ಸೆಕೆಂಡಿಗೆ, ಗಳಿಗೆಗಿಂತ ತುಸು ಬೇಗ. ಯಂತ್ರ ಮಲಗಿದಾಗ ವೇಳೆ ಕಾಯಲು ಕೈಗಡಿಯಾರದಲ್ಲಿರುವಂಥದೇ 32,768 ಹರ್ಟ್ಜ್ ಹರಳಿನ ಇನ್ನೊಂದು ಗಡಿಯಾರವಿತ್ತು. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಬನ್ನಿ, ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಉಳಿಯುತ್ತದೆ.

ಎಣಿಸುವುದು ಹಾರ್ಡ್‌ವೇರಿನ ಕೆಲಸ, ಓದುವುದಷ್ಟೇ ಕರ್ನೆಲಿನ ಕೆಲಸ. ಈ ವಿವೇಕವನ್ನು 2006ರಲ್ಲಿ ಜಾನ್ ಸ್ಟಲ್ಟ್ಜ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಲಿನಕ್ಸಿನ ಮೂಲ ರಚನೆಗೇ ತಂದರು. ಆಮೇಲೆ ಆರ್ಮ್ ಸಂಸ್ಥೆ ಪ್ರೊಸೆಸರಿನ ವೇಗಕ್ಕೆ ಅಂಟಿಕೊಳ್ಳದ, ದಶಕಗಟ್ಟಲೆ ತುಂಬದ ಕೌಂಟರನ್ನು ತನ್ನ ವಿನ್ಯಾಸದ ಭಾಗವಾಗಿಸಿತು.

ಅಲ್ಲಿಗೂ ನಿಶ್ಚಿಂತೆ ಇಲ್ಲ. ಆಲ್‌ವಿನ್ನರ್ ಎ64 ಎಂಬ ಅಗ್ಗದ ಚಿಪ್ಪಿನಲ್ಲಿ ಈ ಕೌಂಟರೇ ಒಮ್ಮೊಮ್ಮೆ ಸುಳ್ಳು ಹೇಳುತ್ತಿತ್ತು. ಯಂತ್ರದ ತಾರೀಖು ಇದ್ದಕ್ಕಿದ್ದಂತೆ 95 ವರ್ಷ ಮುಂದಕ್ಕೆ ಜಿಗಿಯುತ್ತಿತ್ತು. 2019ರಲ್ಲಿ ಕರ್ನೆಲಿಗೆ ಹೊಸ ಎಚ್ಚರ ಕಲಿಸಿದರು: ಎಣಿಕೆಯ ಕೊನೆಯ ಬಿಟ್‌ಗಳೆಲ್ಲ 1 ಆಗಿದ್ದರೆ, ಇಲ್ಲವೆ ಎಲ್ಲ ಸೊನ್ನೆಯಾಗಿದ್ದರೆ, ನಂಬದೆ ಮತ್ತೊಮ್ಮೆ ಓದು.

ಇನ್ನೊಂದು ಗಡುವು ಮುಂದಿದೆ. 1970ರಿಂದ ಸೆಕೆಂಡು ಎಣಿಸುತ್ತ ಬಂದ 32 ಬಿಟ್ ಲೆಕ್ಕ ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣವೇ ಅಂಥ ಯಂತ್ರ 1901ನೇ ಇಸವಿಗೆ ಹಿಂದಿರುಗುತ್ತದೆ. 32 ಬಿಟ್ ಪ್ರೊಸೆಸರುಗಳಿಗೂ ಲಿನಕ್ಸ್ ಕರ್ನೆಲ್ 2020ರ ಹೊತ್ತಿಗೆ ಇದನ್ನು ಸರಿಪಡಿಸಿಕೊಂಡಿದೆ. ಆದರೆ ಹಳೆಯ ಕರ್ನೆಲ್ ಹೊತ್ತ ಪೆಟ್ಟಿಗೆಗಳು ಹೊಲದ ಕಂಬದಲ್ಲಿ ವರ್ಷಾನುಗಟ್ಟಲೆ ಹಾಗೇ ಉಳಿಯುತ್ತವೆ. ಆದ್ದರಿಂದ ತಾರೀಖು ಇಟ್ಟುಕೊಳ್ಳುವ ಯಾವುದೇ ಸ್ಟಾರ್ಟರು, ಕಾಟಾ ಕೊಳ್ಳುವಾಗ ಅಂಗಡಿಯವರನ್ನು ಒಂದು ಮಾತು ಕೇಳಿ: ಇದು 2038 ದಾಟುತ್ತದೆಯೇ?